ಬೀರುವಿನ ಆಚೆ ಕಡೆಯವರು

ಆ ಶಾಲೆಯಲ್ಲಿ ಐದನೆಯ ತರಗತಿಗೂ ಏಳನೆಯ ತರಗತಿಗೂ ನಡುವೆ ಇದ್ದದ್ದು ಒಂದು ಕಬ್ಬಿಣದ ಬೀರು. ಉದ್ದನೆಯ ಒಂದೇ ಕೋಣೆ, ಮೇಲೆ ತಗಡಿನ ಮಾಡು, ನಟ್ಟನಡುವೆ ಅಡ್ಡಲಾಗಿ ನಿಂತ ಬೀರು, ಬೀರು ಮುಗಿದಲ್ಲಿಂದ ಕಿಟಕಿಯವರೆಗೆ ಮಾಸಿದ ಒಂದು ಪರದೆ. ಬೀರುವಿನ ಬೀಗದ ಕೈ ಕಳೆದು ಎಷ್ಟೋ ವರ್ಷವಾಗಿತ್ತು. ಒಳಗೆ ಏನಿದೆ ಎಂಬ ವಿಷಯದಲ್ಲಿ ಸಿಬ್ಬಂದಿಯಲ್ಲಿ ಎರಡು ಪಕ್ಷಗಳಿದ್ದವು. ಬೀರುವಿನ ಬಾಗಿಲು ಐದನೆಯವರ ಕಡೆಗೆ, ಬೆನ್ನು ಏಳನೆಯವರ ಕಡೆಗೆ. ಆ ಬೆನ್ನಿಗೆ ಕಪ್ಪು ಬೋರ್ಡನ್ನು ತೂಗುಹಾಕಿದ್ದರು.

ಆ ಬೋರ್ಡಿನ ಯಜಮಾನರನ್ನು ಊರೆಲ್ಲ ಮುತ್ತಿನ ಮೇಷ್ಟ್ರು ಎಂದು ಕರೆಯುತ್ತಿತ್ತು. ಅವರ ಅಕ್ಷರ ಹಾಗಿತ್ತು. ಲೆಕ್ಕದ ಪ್ರಶ್ನೆ ಬಿಳಿಯಲ್ಲಿ, ಮಾಡುವ ಕ್ರಮ ಹಳದಿಯಲ್ಲಿ, ಉತ್ತರ ಗುಲಾಬಿಯಲ್ಲಿ, ಉತ್ತರದ ಕೆಳಗೆ ಸ್ಕೇಲು ಹಿಡಿಯದೆ ಎಳೆದ, ಸ್ಕೇಲಿಗೇ ನಾಚಿಕೆಯಾಗುವಂಥ ಎರಡು ಗೆರೆ. ಶಾಲೆಗೆ ತಿಂಗಳಿಗೊಂದು ಡಬ್ಬಿ ಬಿಳಿ ಸೀಮೆಸುಣ್ಣ ಬರುತ್ತಿತ್ತು, ಅಷ್ಟೆ. ಬಣ್ಣದ್ದನ್ನು ಮೇಷ್ಟ್ರು ಸ್ವಂತವಾಗಿ ತರುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿಗಳು ಮಕ್ಕಳನ್ನು ಒಂದೂ ಪ್ರಶ್ನೆ ಕೇಳದೆ ಬೋರ್ಡಿನ ಫೋಟೋ ತೆಗೆದುಕೊಂಡು ಹೋದದ್ದುಂಟು. ಪಠ್ಯಪುಸ್ತಕಗಳು ಕೈಗೆ ಸಿಗುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತಿತ್ತು. ಅಲ್ಲಿಯವರೆಗೆ ಆ ಬೋರ್ಡೇ ಪುಸ್ತಕ. ಮೂವತ್ತೆಂಟು ಮಕ್ಕಳು ಅದನ್ನು ಚುಕ್ಕಿ ಸಮೇತ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ತರಗತಿಯಲ್ಲಿ ಸೂಜಿ ಬಿದ್ದರೆ ಕೇಳಿಸುವಷ್ಟು ನಿಶ್ಶಬ್ದ. ಮೇಷ್ಟ್ರಿಗೆ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು, ಹೊಟ್ಟೆ ತುಂಬ ತೃಪ್ತಿಯಿತ್ತು.

ಅವರ ಅಕ್ಕನ ಮಗಳು, ಅಂದರೆ ಸೋದರ ಸೊಸೆ, ದೊಡ್ಡ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದೇ ಅವಳ ವಿಷಯ. "ಅದನ್ನ ಓದೋಕೆ ಆರು ವರ್ಷ ಬೇಕಾ? ನನ್ನ ಕ್ಲಾಸಿಗೆ ಬಂದು ಆರು ನಿಮಿಷ ಕೂತ್ಕೋ, ಗೊತ್ತಾಗತ್ತೆ," ಎಂದು ಮೇಷ್ಟ್ರು ಪ್ರತಿ ಸಲ ಅವಳನ್ನು ಕಿಚಾಯಿಸುತ್ತಿದ್ದರು. ಈ ಸಲ ಅವಳು ನಿಜವಾಗಿಯೂ ಬಂದಳು. ಎರಡು ವಾರ ಇರುತ್ತೇನೆಂದು ಹೇಳಿ, ಚೀಲದಲ್ಲಿ ಐವತ್ತು ಪ್ರಶ್ನೆಪತ್ರಿಕೆ ಇಟ್ಟುಕೊಂಡು ಬಂದಳು.

"ಏನೂ ಇಲ್ಲ ಮಾವ, ಸಣ್ಣ ಪರೀಕ್ಷೆ. ನೀವು ಕಲಿಸಿರೋ ಲೆಕ್ಕಗಳೇ. ಅಂಕಿ ಮಾತ್ರ ಬದಲಾಯಿಸಿದೀನಿ."

"ಬದಲಾಯಿಸು, ಬದಲಾಯಿಸು. ನಮ್ಮ ಮಕ್ಕಳು ಅಂಕಿಗೆಲ್ಲ ಹೆದರೋರಲ್ಲ."

ಮೂವತ್ತೆಂಟು ಹಂಚಿದ ಮೇಲೆ ಹನ್ನೆರಡು ಪತ್ರಿಕೆ ಉಳಿದವು. ಬೀರುವಿನ ಆಚೆ ಕಡೆ ಎಂದಿನಂತೆ ಗುಸುಗುಸು ನಡೆದಿತ್ತು. ಮೇಷ್ಟ್ರು ಪರದೆ ಸರಿಸಿ, ಉಳಿದ ಕಾಗದಗಳನ್ನು ಐದನೆಯ ತರಗತಿಯ ಟೀಚರ ಕೈಗಿಟ್ಟರು. "ಇಬ್ಬರಿಗೊಂದು ಕೊಡಿ ಟೀಚರ್. ಏನಾದ್ರೂ ಗೀಚ್ಕೊಂಡು ಬಾಯಿ ಮುಚ್ಚಿಕೊಂಡು ಕೂತಿರ್ಲಿ."

ಟೀಚರು ನಕ್ಕು ತೆಗೆದುಕೊಂಡರು. ತಮ್ಮ ಅರವತ್ತು ವರ್ಷಕ್ಕೆ ಹತ್ತಿರವಾದ ಬಾಳಿನಲ್ಲಿ ಮೇಷ್ಟ್ರು ಮಾಡಿದ ಅತಿ ದುಬಾರಿ ಔದಾರ್ಯ ಅದು.

ಸಂಜೆ ಮನೆಯ ಊಟದ ಮೇಜಿನ ಮುಂದೆ ಸೊಸೆ ಪತ್ರಿಕೆ ತಿದ್ದಲು ಕೂತಳು. ಮೇಷ್ಟ್ರು ಎದುರಿಗೆ ಕುರ್ಚಿ ಎಳೆದುಕೊಂಡು, ಹೊಗಳಿಕೆಯನ್ನು ವಿನಯದಿಂದ ಸ್ವೀಕರಿಸುವ ಮುಖ ಮಾಡಿಕೊಂಡು ಕಾದರು. ಹೊಗಳಿಕೆ ಬರಲಿಲ್ಲ. ಕೆಂಪು ಪೆನ್ನು ಮಾತ್ರ ಸರಸರ ಓಡುತ್ತಿತ್ತು.

"ಮಾವ, ತೊಟ್ಟಿ ಲೆಕ್ಕ ಕಲಿಸಿದ್ರಲ್ಲ, ಅದರ ಉತ್ತರ ಏನಿತ್ತು?"

"ಒಂದು ನಲ್ಲಿ ಆರು ಗಂಟೆಗೆ ತುಂಬಿಸತ್ತೆ, ಇನ್ನೊಂದು ಮೂರು ಗಂಟೆಗೆ. ಎರಡೂ ಒಟ್ಟಿಗೆ ಬಿಟ್ರೆ ಎರಡು ಗಂಟೆ. ಯಾಕೆ?"

"ನಾನು ಕೊಟ್ಟಿದ್ದು ಹನ್ನೆರಡು ಗಂಟೆ, ನಾಲ್ಕು ಗಂಟೆ. ಮೂರು ಅಂತ ಬರ್ಬೇಕು. ಮೂವತ್ತೊಂದು ಮಕ್ಕಳು ಎರಡು ಅಂತ ಬರೆದಿದಾರೆ."

ಮೇಷ್ಟ್ರು ಕಾಗದಗಳನ್ನು ಎಳೆದುಕೊಂಡು ನೋಡಿದರು. ಹೌದು. ಮೂವತ್ತೊಂದು ಕಡೆ ದುಂಡಗೆ, ಅಂದವಾಗಿ, 'ಎರಡು ಗಂಟೆ'. ಕೆಳಗೆ ಎರಡೆರಡು ಗೆರೆ. ನಾಲ್ವರು ಜಾಗ ಖಾಲಿ ಬಿಟ್ಟು ಗೆರೆ ಮಾತ್ರ ಎಳೆದಿದ್ದರು. ಸರಿ ಮಾಡಿದವರು ಮೂವರು.

"ಗಾಬರಿ ಬಿದ್ದಿವೆ," ಎಂದರು ಮೇಷ್ಟ್ರು.

"ಇರಬಹುದು. ಆದ್ರೆ ಈ ಹನ್ನೆರಡು ಯಾರದು? ಅಕ್ಷರ ಕೋಳಿ ಕೆರೆದ ಹಾಗಿದೆ, ಒಂದೊಂದರಲ್ಲಿ ಎರಡೆರಡು ಹೆಸರಿದೆ. ಏಳು ಸರಿಯಾಗಿವೆ."

ಮೇಷ್ಟ್ರು ಆ ಹನ್ನೆರಡನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಒಂದರ ಮೂಲೆಯಲ್ಲಿ ತೊಟ್ಟಿಯ ಚಿತ್ರ ಬರೆದು ಅದರೊಳಗೆ ಮೀನು ಬಿಟ್ಟಿದ್ದರು. "ಇವು... ಐದನೇ ಕ್ಲಾಸಿನವು."

ಒಳಗಿನಿಂದ ಹೆಂಡತಿಯ ದನಿ ಬಂತು: "ಏನ್ರೀ, ಯಾರ ಮಕ್ಕಳು ಫೇಲು?"

"ಯಾರೂ ಫೇಲಿಲ್ಲ ಅತ್ತೆ," ಎಂದು ಸೊಸೆ ಕೂಗಿದಳು, ಆಮೇಲೆ ದನಿ ತಗ್ಗಿಸಿ, "ಇಬ್ಬಿಬ್ಬರು ಕೂತು ಮಾಡಿರೋದು, ಇದನ್ನ ಸಂಶೋಧನೆ ಅಂತ ಯಾರೂ ಒಪ್ಪಲ್ಲ ಮಾವ. ಬೇಜಾರು ಮಾಡ್ಕೋಬೇಡಿ," ಎಂದಳು.

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ, ಅನುಮಾನ ಪಟ್ಟರು. ಆ ಟೀಚರು ಉತ್ತರ ಹೇಳಿಕೊಟ್ಟಿದ್ದಾರೆ. ಮೂರು ವರ್ಷದಿಂದ ಆಕೆ ಮೇಷ್ಟ್ರ ದೊಡ್ಡ ಗಂಟಲಿನ ಬಗ್ಗೆ ದೂರುತ್ತ ಬಂದಿದ್ದು ಅವರಿಗೆ ಗೊತ್ತಿತ್ತು. ಇದು ಅದರ ಸೇಡು. "ನಾಳೆ ನನ್ನ ನೋಟ್ಸ್ ನೋಡ್ಕೊಂಡು ನೀನು ಪಾಠ ಮಾಡು. ನಾನು ಆಚೆ ಕಡೆ ಕೂತ್ಕೋತೀನಿ. ಕಳ್ಳಾಟ ಏನಿದ್ರೂ ಹಿಡೀತೀನಿ."

ಮರುದಿನ ಮುತ್ತಿನ ಮೇಷ್ಟ್ರು ಸೇವೆಯಲ್ಲಿ ಮೊದಲ ಬಾರಿಗೆ ತಮ್ಮ ಬೋರ್ಡಿನ ಹಿಂದೆ ಕೂತರು. ಐದನೆಯ ತರಗತಿಯಲ್ಲಿ ಬೆಂಚುಗಳಿರಲಿಲ್ಲ, ಚಾಪೆಯಿತ್ತು. ಬೆಳಗಿನ ಹತ್ತೂವರೆಗೇ ತಗಡು ಕಾದು ಕೆಂಡವಾಗಿತ್ತು. ಟೀಚರು ಅವರಿಗೆ ತಮ್ಮ ಕುರ್ಚಿ ಕೊಟ್ಟು, ತಾವು ಕಿಟಕಿಕಟ್ಟೆಯ ಮೇಲೆ ಕೂತರು.

"ನಿಮ್ಮ ಪಾಠ ಶುರು ಮಾಡಿ ಟೀಚರ್, ನಾನಿದೀನಿ ಅಂತ ಸಂಕೋಚ ಬೇಡ."

"ಗಣಿತದ ಪೀರಿಯಡ್ಡಲ್ಲಿ ನನ್ನ ಪಾಠ ಎಲ್ಲಿ ಸಾರ್? ನಿಮ್ಮ ಗಂಟಲಿನ ಮುಂದೆ ನಾನು ಕಿರುಚಿ ಕಿರುಚಿ ಹೋದ ವರ್ಷವೇ ಸೋತೆ. ಈಗ ಈ ಮುಕ್ಕಾಲು ಗಂಟೆ ಇವರ ಪಾಡಿಗೆ ಇವರನ್ನ ಬಿಟ್ಟಿದೀನಿ. ಏನೋ ಆಟ ಕಟ್ಕೊಂಡಿದಾರೆ."

ಬೀರುವಿನ ಆಚೆಯಿಂದ ಸೊಸೆಯ ದನಿ ಕೇಳಿಸಿತು. ಒಂದು ಹೊಲಕ್ಕೆ ಎಂಟು ಜನ ಆರು ದಿನದಲ್ಲಿ ಬೇಲಿ ಹಾಕಿದರೆ, ಹನ್ನೆರಡು ಜನ ಎಷ್ಟು ದಿನದಲ್ಲಿ ಹಾಕುತ್ತಾರೆ? ಪ್ರಶ್ನೆ ಮುಗಿದದ್ದೇ ತಡ, ಇಪ್ಪತ್ತನಾಲ್ಕು ತಲೆಗಳು ಎರಡೆರಡಾಗಿ ಕೂಡಿಕೊಂಡವು. ಸ್ಲೇಟಿನ ಮೇಲೆ ಬಳಪ ಕಿರುಗುಟ್ಟಿತು.

"ಒಂಬತ್ತು."

"ಥೂ, ಜನ ಜಾಸ್ತಿ ಆದ್ರೆ ದಿನ ಜಾಸ್ತಿ ಆಗತ್ತೇನೋ, ಬುದ್ಧಿವಂತ!"

"ಜಾಸ್ತಿ ಜನ ಸೇರಿದ್ರೆ ಹರಟೆ ಹೊಡೀತಾರೆ. ನಮ್ಮನೇಲಿ ಹಾಗೇ ಆಗೋದು."

"ಲೆಕ್ಕದೋರು ಹರಟೆ ಹೊಡೆಯಲ್ಲ ಕಣೋ. ನಾಲ್ಕು. ಬರಿ, ಬೇಗ ಬರಿ, ಆ ಕಡೆಯೋರು ಕೂಗಿಬಿಡ್ತಾರೆ!"

ಅಷ್ಟರಲ್ಲಿ ಆ ಕಡೆ ಬೋರ್ಡಿನ ಮೇಲೆ ಸೀಮೆಸುಣ್ಣ ಓಡಿತು. ಉತ್ತರ ಬಿತ್ತು. ಏಳನೆಯ ತರಗತಿ ಒಕ್ಕೊರಲಿನಿಂದ ಅದನ್ನು ಓದಿತು: "ನಾಲ್ಕು ದಿನ!" ಈ ಕಡೆ ಹಾಹಾಕಾರ. ಗೆದ್ದ ಜೋಡಿ ಎದ್ದು ಹೋಗಿ ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿತು. ಮೊದಲು ಅಲ್ಲಿದ್ದವರು ಗೊಣಗುತ್ತ ಎದ್ದರು. ಆ ಕಾದ ಕೋಣೆಯಲ್ಲಿ ತಣ್ಣಗಿದ್ದ ಜಾಗ ಅದೊಂದೇ. ಕಬ್ಬಿಣದ ಬಾಗಿಲು ಮಧ್ಯಾಹ್ನದವರೆಗೂ ಮಡಕೆಯ ಹೊಟ್ಟೆಯ ಹಾಗೆ ತಂಪಾಗಿರುತ್ತಿತ್ತು.

ಮೇಷ್ಟ್ರು ಕಳ್ಳಾಟ ಹುಡುಕುತ್ತಲೇ ಇದ್ದರು. ಈ ಮಕ್ಕಳಿಗೆ ಪ್ರಶ್ನೆ ಕೇಳಿಸುತ್ತದೆ, ಬೋರ್ಡು ಕಾಣಿಸುವುದಿಲ್ಲ. ಕಾಣದ್ದರಿಂದ ನಕಲು ಮಾಡಲು ಏನೂ ಇಲ್ಲ. ಏನೂ ಇಲ್ಲದ್ದರಿಂದ ತಲೆ ಓಡಿಸುವುದೊಂದೇ ದಾರಿ. ಆಮೇಲೆ ಆ ಕಡೆಯ ಕೂಗು ಸರಿಯೋ ತಪ್ಪೋ ಎಂದು ಪುಕ್ಕಟೆಯಾಗಿ ಹೇಳುತ್ತದೆ. ಯಾರೂ ಯಾರಿಗೂ ಏನನ್ನೂ ಹೇಳಿಕೊಡುತ್ತಿರಲಿಲ್ಲ.

ಎರಡು ಜಡೆಯ, ಮುಂದಿನ ಹಲ್ಲಿಲ್ಲದ ಒಬ್ಬಳು ಅವರ ಕುರ್ಚಿಯ ಕೈ ಅಲುಗಾಡಿಸಿದಳು. "ಮೇಷ್ಟ್ರೇ, ನಿಮಗೆಷ್ಟು ಬಂತು?"

"ನನಗಾ? ಅದು ನಂದೇ ಲೆಕ್ಕ ಕಣಮ್ಮ."

"ಅದು ಸರಿ. ಬರೀದೇ ಇದ್ರೆ ನಿಮ್ಮನ್ನ ಆಟಕ್ಕೆ ಸೇರ್ಸಲ್ಲ."

ಅವಳು ಕೊಟ್ಟ ತುಂಡು ಬಳಪ ಹಿಡಿದು ಮೇಷ್ಟ್ರು ಮುಂದಿನ ನಾಲ್ಕು ಲೆಕ್ಕ ಆಡಿದರು. ಎರಡು ಸಲ ತಂಪು ಜಾಗ ಗೆದ್ದರು, ಮಂಡಿ ನೋವಿನ ನೆಪ ಹೇಳಿ ಬಿಟ್ಟುಕೊಟ್ಟರು. ಗಂಟೆ ಹೊಡೆದಾಗ, ಇಷ್ಟು ಬೇಗ ಆಯಿತೇ ಎಂದುಕೊಂಡದ್ದು ತಾವೇ ಎಂದು ಅರಿವಾಗಿ ಬೆಚ್ಚಿಬಿದ್ದರು.

ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಅವರು ಸೊಸೆಯನ್ನು ತಡೆದು ನಿಲ್ಲಿಸಿದರು. "ಮೂವತ್ತನಾಲ್ಕು ವರ್ಷ ಪುಟ್ಟಿ. ನಾನು ಲೆಕ್ಕ ಕಲಿಸಿದೀನೋ, ಬರೀ ಅಕ್ಷರ ಕಲಿಸಿದೀನೋ, ನನಗೆ ಗೊತ್ತಾಗ್ಬೇಕು."

"ಅಯ್ಯೋ ಮಾವ, ಅಷ್ಟು ದೊಡ್ಡದು ಮಾಡ್ಬೇಡಿ."

"ನೀನು ಹೋಗೋಕೆ ಇನ್ನೂ ಹತ್ತು ದಿನ ಇದೆ. ಹೋಗೋ ಮುಂಚೆ ಇನ್ನೊಂದು ಪರೀಕ್ಷೆ ಕೊಡು. ಈ ಸಲ ಅಂಕಿ ಮಾತ್ರ ಅಲ್ಲ, ಲೆಕ್ಕಾನೇ ತಿರುಗಿಸಿ ಕೊಡು. ನನ್ನ ಮಕ್ಕಳು ಅದನ್ನ ಮಾಡಿದ್ರೆ ನಾನು ಮೇಷ್ಟ್ರು. ಇಲ್ದಿದ್ರೆ ಬೋರ್ಡು ಬರೆಯೋ ಪೇಂಟರು. ಈಗ ಹೇಳು, ಏನು ಮಾಡ್ಬೇಕು? ನಿನ್ನ ಆರು ವರ್ಷದ ಓದು ಏನನ್ನತ್ತೆ?"

ಸೊಸೆ ಯೋಚಿಸಿ ಹೇಳಿದಳು. "ಅದು ಅನ್ನೋದನ್ನ ನೀವು ಇವತ್ತು ಬೆಳಿಗ್ಗೆ ಕಣ್ಣಾರೆ ನೋಡಿದೀರಿ. ಉತ್ತರ ಕಾಣೋಕೆ ಮುಂಚೆ ತಡಕಾಡ್ಬೇಕು. ತಪ್ಪಾದ್ರೂ ಪರವಾಗಿಲ್ಲ, ತಡಕಾಡಿದ್ದು ಉಳಿಯತ್ತೆ. ನೀವು ಬರೀರಿ ಮಾವ, ಬೇಡ ಅನ್ನಲ್ಲ. ಆದ್ರೆ ಕೊನೇಲಿ ಬರೀರಿ. ಮೊದ್ಲು ಪ್ರಶ್ನೆ ಕೇಳಿ, ಸುಮ್ಮನಿರಿ. ನಿನ್ನೆದು, ಹೋದ ವಾರದ್ದು ಕೂಡ ಮಧ್ಯೆ ಮಧ್ಯೆ ಕೇಳಿ. ಮಾರ್ಕ್ಸ್ ಹಾಕ್ಬೇಡಿ."

"ಸುಮ್ಮನಿರೋದು ಎಷ್ಟು ಹೊತ್ತು?"

"ನಿಮಗೆ ತಡೆಯೋಕಾಗಲ್ಲ ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು."

ಮೊದಲ ಮೂರು ದಿನ ನರಕ. ಮೇಷ್ಟ್ರು ಪ್ರಶ್ನೆ ಕೇಳಿ, ಕೈ ಹಿಂದೆ ಕಟ್ಟಿಕೊಂಡು, ಬೋರ್ಡಿಗೆ ಬೆನ್ನು ಹಾಕಿ ನಿಂತರು. ಮೂವತ್ತೆಂಟು ಮಕ್ಕಳು ನೋಟ್‌ಬುಕ್ ತೆರೆದು, ಪೆನ್ನು ಎತ್ತಿ ಹಿಡಿದು, ಅವರ ಕೈಯನ್ನೇ ನೋಡುತ್ತ ಕೂತರು. ಆ ಕೈಗೆ ಹುಷಾರಿಲ್ಲವೇನೋ ಎಂಬ ಅನುಕಂಪ ಎಲ್ಲರ ಮುಖದಲ್ಲಿತ್ತು. ಬೀರುವಿನ ಆಚೆಯಿಂದ ಮಾತ್ರ "ಕೂಗ್ರೋ, ಯಾಕೆ ಕೂಗ್ತಿಲ್ಲ?" ಎಂಬ ಪಿಸುಮಾತು. ಮನೆಯಲ್ಲಿ ಮೇಷ್ಟ್ರು ಸಾಮಾನಿನ ಚೀಟಿಗೆ ಶೀರ್ಷಿಕೆ ಕೊಟ್ಟು, ಸೋಪು ಎಂಬ ಪದದ ಕೆಳಗೆ ಎರಡು ಗೆರೆ ಎಳೆದರು. ಹೆಂಡತಿ ಅದನ್ನು ಅಂಗಡಿಯವನಿಗೆ ತೋರಿಸಿ, "ನಮ್ಮೆಜಮಾನ್ರಿಗೆ ಶಾಲೇಲಿ ಬರೆಯೋದು ಬಿಡಿಸಿದಾರೆ, ಈಗ ಮನೆ ಮೇಲೆ ಬಿದ್ದಿದಾರೆ," ಎಂದರಂತೆ.

ನಾಲ್ಕನೆಯ ದಿನ ಟೈಲರಮ್ಮ ಬಂದರು. ಅವರ ಮಗಳು ತರಗತಿಯ ಅತಿ ಅಚ್ಚುಕಟ್ಟಾದ ನೋಟ್‌ಬುಕ್ಕಿನ ಒಡತಿ. ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ಹಾಗೇ ಬಿಟ್ಟುಕೊಂಡು ಬಂದಿದ್ದರು.

"ಮೇಷ್ಟ್ರೇ, ನಾಲ್ಕು ದಿನದಿಂದ ನೋಟ್ಸ್ ಖಾಲಿ. ನಿಮ್ಮ ಆರೋಗ್ಯ ಹೇಗಿದೆ?"

"ನಾನು ಚೆನ್ನಾಗಿದೀನಮ್ಮ. ಒಂದು ಹೊಸ ಪ್ರಯೋಗ..."

"ಪ್ರಯೋಗ ನನ್ನ ಮಗಳ ಮೇಲಾ?"

ಮೇಷ್ಟ್ರಿಗೆ ಎಲ್ಲಿಂದಲೋ ಒಂದು ಯೋಚನೆ ಬಂತು. "ನಿಮ್ಮ ಹತ್ರ ಕೆಲಸ ಕಲಿಯೋಕೆ ಬಂದೋರಿಗೆ ನೀವೇ ಬಟ್ಟೆ ಕತ್ತರಿಸಿ ಕೊಡ್ತಾನೇ ಇರ್ತೀರಾ?"

"ಕೊಟ್ರೆ ಅವರು ಜನ್ಮದಲ್ಲಿ ಕತ್ತರಿ ಹಿಡಿಯಲ್ಲ. ಹಳೇ ಬಟ್ಟೆ ಕೊಟ್ಟು, ಹಾಳು ಮಾಡ್ರಿ ಅಂತೀನಿ."

"ಈಗ ನಮ್ಮಲ್ಲಿ ಹಾಳು ಮಾಡೋದು ನಡೀತಿದೆ."

ಟೈಲರಮ್ಮ ಅವರನ್ನು ಮೇಲಿಂದ ಕೆಳಗೆ ಅಳೆದರು. "ಹಳೇ ಬಟ್ಟೆ ಅಂತ ಹೇಳಿದೀನಿ, ನೆನಪಿರ್ಲಿ," ಎಂದು ಹೊರಟರು.

ಐದನೆಯ ದಿನ ಹಿಂದಿನ ಬೆಂಚಿನಲ್ಲಿ ಯಾರೋ ತಪ್ಪು ಉತ್ತರ ಹೇಳಿದರು. ಮೇಷ್ಟ್ರು "ಹೌದಾ? ಹೇಗೆ?" ಎಂದರಷ್ಟೆ. ಪಕ್ಕದವನು ಅದನ್ನು ಒಪ್ಪಲಿಲ್ಲ. ಮುಂದಿನ ಬೆಂಚಿನವರು ಇಬ್ಬರನ್ನೂ ಒಪ್ಪಲಿಲ್ಲ. ಆರನೆಯ ದಿನ ಕೋಣೆಯಲ್ಲಿ ಎಂಥ ಗದ್ದಲವೆಂದರೆ, ಐದನೆಯ ತರಗತಿಯ ಟೀಚರು ಪರದೆ ಸರಿಸಿ, "ಸಾರ್, ಮೊದ್ಲು ನಿಮ್ಮೊಬ್ಬರ ಗಂಟಲಿತ್ತು, ಈಗ ಮೂವತ್ತೊಂಬತ್ತು!" ಎಂದರು. ದೂರುವ ಮುಖ ಮಾಡಲು ಹೋಗಿ ಅವರಿಗೆ ನಗು ಬಂದುಬಿಟ್ಟಿತ್ತು. ಮೇಷ್ಟ್ರು ನೋಟ್‌ಬುಕ್ಕುಗಳ ಕಡೆ ನೋಡಿದರೆ ಕಾಣುತ್ತಿದ್ದದ್ದು ಇಷ್ಟೇ: ಕಾಟು, ಗೀಟು, ಅಳಿಸಿ ಅಳಿಸಿ ಬಿದ್ದ ರಂಧ್ರ, ಅಂಚಿನಲ್ಲಿ ಬೈಗುಳ. ಮೂವತ್ತನಾಲ್ಕು ವರ್ಷದ ಶಿಸ್ತು ಆರು ದಿನದಲ್ಲಿ ಮಣ್ಣುಪಾಲಾಗಿತ್ತು. ಆದರೆ ಮಕ್ಕಳ ಮಾತಿಗೆ ಕಿವಿಗೊಟ್ಟರೆ ಕಾಲು ಅಲ್ಲೇ ನಿಲ್ಲುತ್ತಿತ್ತು.

ಒಂಬತ್ತನೆಯ ದಿನ ಅವರ ನೋಟ್ಸಿನಲ್ಲಿದ್ದ ಲೆಕ್ಕವೆಲ್ಲ ಮುಗಿದುಹೋಯಿತು. ನಿಂತ ನಿಲುವಿನಲ್ಲೇ ಒಂದು ಹೊಸೆದರು. "ನಲ್ಲಿ ಬಿಟ್ರೆ ತೊಟ್ಟಿ ನಾಲ್ಕು ಗಂಟೇಲಿ ತುಂಬತ್ತೆ. ಆದ್ರೆ ತಳದಲ್ಲಿ ಒಂದು ತೂತಿದೆ. ನಲ್ಲಿ ನಿಲ್ಲಿಸಿದ್ರೆ ತುಂಬಿದ ತೊಟ್ಟಿ ಆರು ಗಂಟೇಲಿ ಖಾಲಿ ಆಗತ್ತೆ. ಈಗ ತೂತೂ ಇದೆ, ನಲ್ಲೀನೂ ಬಿಟ್ಟಿದೆ. ಎಷ್ಟು ಹೊತ್ತಲ್ಲಿ ತುಂಬತ್ತೆ?"

ತರಗತಿ ಜಗಳಕ್ಕೆ ಬಿತ್ತು. ಆ ಸದ್ದು ಕೇಳುತ್ತ ನಿಂತ ಮೇಷ್ಟ್ರಿಗೆ ಎಂಥ ಆನಂದವಾಯಿತೆಂದರೆ, ಒಂಬತ್ತು ದಿನ ಕಟ್ಟಿಹಾಕಿದ್ದ ಕೈ ತಾನಾಗಿ ಮೇಲೆದ್ದಿತು. ಬಿಳಿ ತೆಗೆದುಕೊಂಡರು, ಹಳದಿ ತೆಗೆದುಕೊಂಡರು. ಹನ್ನೆರಡು ಗಂಟೆಯಲ್ಲಿ ನಲ್ಲಿಯಿಂದ ಮೂರು ತೊಟ್ಟಿ, ತೂತಿನದು ಎರಡು, ಒಟ್ಟು ಐದು, ಹಾಗಾದರೆ ಒಂದಕ್ಕೆ? ಗುಲಾಬಿಯಲ್ಲಿ, ಒಂದೊಂದಕ್ಷರವೂ ಪೋಣಿಸಿದಂತೆ ಬರೆದರು: ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ಎರಡು ಗೆರೆ ಎಳೆದು ತಿರುಗಿದರು.

ಯಾರೂ ನೋಟ್‌ಬುಕ್ಕಿಗೆ ಕೈ ಹಾಕಲಿಲ್ಲ. ಎಲ್ಲರೂ ಬೋರ್ಡನ್ನು, ನೆಂಟರ ಮನೆಯ ಮಗು ಏನೋ ಒಡೆದು ಹಾಕಿದ್ದನ್ನು ನೋಡುವ ಹಾಗೆ, ಹೇಳಲೋ ಬೇಡವೋ ಎಂದು ನೋಡುತ್ತಿದ್ದರು.

ಟೈಲರಮ್ಮನ ಮಗಳು ಎದ್ದು ನಿಂತಳು. "ಸಾರ್, ತೂತಿಲ್ಲದಿದ್ರೆ ತುಂಬೋಕೆ ನಾಲ್ಕು ಗಂಟೆ ಅಲ್ವಾ?"

"ಹೌದು."

"ತೂತಿದ್ರೆ ಎರಡೂ ಚಿಲ್ಲರೇನಾ? ಹಾಗಾದ್ರೆ ಎಲ್ಲರೂ ತೊಟ್ಟಿಗೆ ತೂತು ಕೊರೆಸ್ಬೇಕು ಸಾರ್!"

ತಗಡಿನ ಮಾಡು ಹಾರಿಹೋಗುವಂತೆ ನಗು ಎದ್ದಿತು. ಮೇಷ್ಟ್ರು ಬೋರ್ಡು ನೋಡಿದರು. ಕಳೆಯಬೇಕಾದಲ್ಲಿ ಕೂಡಿದ್ದರು. ಹಿಂದಿನ ವರ್ಷಗಳ ಮೂವತ್ತೆಂಟು ನೋಟ್‌ಬುಕ್ಕುಗಳಾಗಿದ್ದರೆ ಈ ಹೊತ್ತಿಗೆ ಆ ತಪ್ಪು ಚುಕ್ಕಿ ಸಮೇತ ಒಳಗೆ ಹೋಗಿ ಕೂತಿರುತ್ತಿತ್ತು. ಹಾಗೆ ಎಷ್ಟು ಹೋಗಿ ಕೂತಿವೆಯೋ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ ಅವರೂ ನಗುತ್ತಿದ್ದರು.

"ಹಾಗಾದ್ರೆ ಎಷ್ಟಮ್ಮ?"

ಬೀರುವಿನ ಆಚೆಯಿಂದ ಇಪ್ಪತ್ತನಾಲ್ಕು ಗಂಟಲು ಒಟ್ಟಿಗೆ ಕೂಗಿದವು: "ಹನ್ನೆರಡು!"

"ಏಯ್! ನಮ್ಮನ್ನ ಕೇಳಿದ್ದು!" ಟೈಲರಮ್ಮನ ಮಗಳು ಬೀರುವಿಗೆ ಮುಷ್ಟಿ ತೋರಿಸಿದಳು, ಬೀರುವಿನ ಹಿಂದಿದ್ದವರಿಗೆ ಅದು ಕಾಣುವಂತಿರಲಿಲ್ಲ ಎಂಬುದು ಅವಳಿಗೆ ಅಡ್ಡಿಯಾಗಲಿಲ್ಲ. ನೇರವಾಗಿ ಬೋರ್ಡಿನ ಹತ್ತಿರ ಬಂದು, ಡಸ್ಟರ್ ಎತ್ತಿ, ಒಂದು ಕ್ಷಣ ಮೇಷ್ಟ್ರ ಮುಖ ನೋಡಿದಳು. ಆ ಬೋರ್ಡನ್ನು ಮಕ್ಕಳು ಯಾರೂ ಎಂದೂ ಅಳಿಸಿದ್ದೇ ಇರಲಿಲ್ಲ.

"ಅಳಿಸು, ಅಳಿಸು," ಎಂದರು ಮೇಷ್ಟ್ರು. ಹೋಗಿ ಅವಳ ಜಾಗದಲ್ಲಿ, ಬೆಂಚಿನ ತುದಿಯಲ್ಲಿ ಇಕ್ಕಟ್ಟಾಗಿ ಕೂತರು. ಅವಳು ಬರೆದದ್ದು ಸೊಟ್ಟಗಿತ್ತು, ಬರೆಯುತ್ತ ಬರೆಯುತ್ತ ಸಾಲು ಕೆಳಗಿಳಿದು ಬೋರ್ಡಿನ ಮೂಲೆ ಸೇರಿತು. ಹನ್ನೆರಡು ಗಂಟೆಯಲ್ಲಿ ಮೂರು ಒಳಗೆ, ಎರಡು ಹೊರಗೆ, ಉಳಿದದ್ದು ಒಂದು. ಪಕ್ಕದ ಹುಡುಗಿ ಮೇಷ್ಟ್ರನ್ನು ಮೊಣಕೈಯಿಂದ ತಿವಿದು, "ಅರ್ಥ ಆಯ್ತಾ ಸಾರ್?" ಎಂದಳು.

"ಆಯ್ತಮ್ಮ," ಎಂದರು ಅವರು.

ಮರುದಿನ ಪರೀಕ್ಷೆ. ಈ ಸಲ ಉಳಿದ ಪತ್ರಿಕೆಗಳನ್ನು ಮೇಷ್ಟ್ರು ತಮ್ಮ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡರು. ಐದನೆಯವರು ಪರದೆಯ ಸಂದಿಯಿಂದ ಇಣುಕಿ, ತಮಗೆ ಅನ್ಯಾಯವಾಗಿದೆ ಎಂದು ಟೀಚರ ಬಳಿ ದೂರು ಕೊಟ್ಟರು. ಸಂಜೆ ಊಟದ ಮೇಜಿನ ಒಂದು ಕಡೆ ಸೊಸೆ, ಎದುರಿಗೆ ಮೇಷ್ಟ್ರು. ಈ ಸಲ ಅವರ ಮುಖದಲ್ಲಿ ವಿನಯ ಇರಲಿಲ್ಲ, ಪರೀಕ್ಷೆ ಬರೆದವನ ಕಳೆ ಇತ್ತು. ತೊಟ್ಟಿಯ ಲೆಕ್ಕವನ್ನು ಸೊಸೆ ಬೇರೆಯಾಗಿಯೇ ಎಣಿಸುತ್ತಿದ್ದಳು. ನಲ್ಲಿ ಮೂರು ಗಂಟೆಯಲ್ಲಿ ತುಂಬಿಸುತ್ತದೆ, ತೂತು ಹನ್ನೆರಡು ಗಂಟೆಯಲ್ಲಿ ಖಾಲಿ ಮಾಡುತ್ತದೆ.

"ಮಾವ, ಇದು ನಾಲ್ಕಾ, ಒಂಬತ್ತಾ? ನಿಮ್ಮ ಮಕ್ಕಳ ಅಕ್ಷರ ಏನಾಗಿಹೋಯ್ತು?"

ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿದರು. "ನಾಲ್ಕು. ನೋಡು, ಮೊದ್ಲು ಹದಿನಾರು ಅಂತ ಬರೆದು ಹೊಡೆದುಹಾಕಿದಾನೆ. ಯಾಕೆ ಹೊಡೆದ ಅಂತ ಪಕ್ಕದಲ್ಲೇ ಬರೆದಿದಾನೆ. ಸರಿ ಹಾಕು."

ಹಾಗೆ ಒಂದೊಂದನ್ನೂ ಅವರೇ ಓದಿ ಹೇಳಿದರು. ಕೊನೆಯ ಕಾಗದ ಮುಗಿದಾಗ ಸೊಸೆ ಪೆನ್ನು ಕೆಳಗಿಟ್ಟಳು. "ಇಪ್ಪತ್ತೊಂಬತ್ತು ಸರಿ. ಮೂವತ್ತೆಂಟಕ್ಕೆ ಇಪ್ಪತ್ತೊಂಬತ್ತು! ಮಾವ, ನೀವು ಮೇಷ್ಟ್ರೇ."

ಆದರೆ ಮೇಷ್ಟ್ರು ಆ ಇಪ್ಪತ್ತೊಂಬತ್ತನ್ನು ಪಕ್ಕಕ್ಕೆ ತಳ್ಳಿ, ಉಳಿದ ಒಂಬತ್ತನ್ನು ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡುತ್ತಿದ್ದರು. ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಡುವುದು, ಮತ್ತೊಂದನ್ನು ಎತ್ತುವುದು. ಅವರ ಮುಖ ಅರಳುತ್ತ ಹೋಯಿತು.

"ಪುಟ್ಟಿ, ಇಲ್ಲಿ ನೋಡೇ! ಹೋದ ಸಲ ಮೂವತ್ತೊಂದು ಮಕ್ಕಳದ್ದೂ ಒಂದೇ ತಪ್ಪು. ಅದು ಅವರದ್ದಲ್ಲ, ನನ್ನ ಬೋರ್ಡಿಂದು. ಈಗ ಒಂಬತ್ತು ತಪ್ಪು ಇದೆ, ಒಂದರ ಹಾಗೆ ಇನ್ನೊಂದಿಲ್ಲ. ಒಬ್ಬೊಬ್ಬರೂ ಅವರವರ ತಪ್ಪನ್ನ ಅವರವರೇ ಮಾಡಿದಾರೆ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಅವರ ಭುಜದ ಮೇಲಿಂದ ಬಗ್ಗಿ ನೋಡಿದರು. "ತಪ್ಪು ಮಾಡಿದ್ದಕ್ಕೆ ಇಷ್ಟು ಸಂಭ್ರಮವಾ? ಹಾಗಾದ್ರೆ ಈ ಮನೇಲಿ ನಾನು ದಿನಾ ಸನ್ಮಾನ ಮಾಡಿಸ್ಕೋಬೇಕಿತ್ತು."

"ಅತ್ತೆ, ಇದೊಂದನ್ನ ಏನು ಮಾಡೋದು ಅಂತ ಹೇಳಿ," ಎಂದು ಸೊಸೆ ಒಂಬತ್ತನೆಯದನ್ನು ಎತ್ತಿ ಓದಿದಳು: "'ಈ ತೊಟ್ಟಿ ತುಂಬಿಸುವುದು ದಂಡ. ಮೊದಲು ತೂತು ಮುಚ್ಚಿ.'"

"ಅದಕ್ಕೆ ಪೂರ್ತಿ ಮಾರ್ಕ್ಸ್ ಕೊಡು," ಎಂದರು ಅತ್ತೆ. "ನಮ್ಮ ಹಿತ್ತಲ ತೊಟ್ಟಿ ವಿಷಯದಲ್ಲಿ ನಾನು ಮೂರು ವರ್ಷದಿಂದ ಇವರಿಗೆ ಹೇಳ್ತಿರೋದು ಅದನ್ನೇ."